ಪೌತಿ ಖಾತೆಗೂ ಮುಂಚೆ ವಂಶವೃಕ್ಷ: ಸರಿಯಾಗಿ ಬರೆಯೋದು ಹೇಗೆ?

ತಾತ ತೀರಿಹೋಗಿ ಎಷ್ಟೋ ವರ್ಷ ಆಗಿರುತ್ತದೆ, ಪಹಣಿ ಮಾತ್ರ ಇನ್ನೂ ಅವರ ಹೆಸರಿನಲ್ಲೇ. ಮಂಡ್ಯ ಕಡೆ ಇಂಥ ಜಮೀನು ಬೇಕಾದಷ್ಟಿದೆ. ಕಬ್ಬು ಬೆಳೆಯುತ್ತದೆ, ಫ್ಯಾಕ್ಟರಿಗೆ ಹೋಗುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸಾಲಕ್ಕೆ ಸೊಸೈಟಿಗೆ ಹೋದಾಗ ಪೌತಿ ಖಾತೆ ಮಾಡಿಸಿಕೊಂಡು ಬನ್ನಿ ಅನ್ನುತ್ತಾರೆ, ಅಂದರೆ ತೀರಿಹೋದವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸಿಕೊಂಡು ಬನ್ನಿ ಅಂತ. ಅದಕ್ಕೆ ಮೊದಲು ಬೇಕಾಗುವುದು ವಂಶವೃಕ್ಷ. ನಾಡಕಚೇರಿಗೆ ಓಡುವ ಮುಂಚೆ ಅದನ್ನು ಮನೆಯಲ್ಲೇ ಬಿಳಿ ಹಾಳೆಯ ಮೇಲೆ ಬರೆದುಕೊಳ್ಳಿ.

ಮೇಲೆ ಯಾರ ಹೆಸರು?

ಪಹಣಿಯ 9ನೇ ಕಾಲಂ ನೋಡಿ. ಅಲ್ಲಿ ಯಾರ ಹೆಸರಿದೆಯೋ ಅವರೇ ನಿಮ್ಮ ಮೂಲ ಪುರುಷ. ಮುತ್ತಾತನ ಹೆಸರಿದ್ದರೆ ಮುತ್ತಾತನಿಂದ, ಅಪ್ಪನ ಹೆಸರಿದ್ದರೆ ಅಪ್ಪನಿಂದ ಶುರು. ಪಕ್ಕದಲ್ಲಿ ಹೆಂಡತಿ. ಕೆಳಗೆ ಮಕ್ಕಳು, ಹುಟ್ಟಿದ ಕ್ರಮದಲ್ಲಿ. ಗಂಡುಮಕ್ಕಳನ್ನೆಲ್ಲ ಬರೆದು ಹೆಣ್ಣುಮಕ್ಕಳನ್ನು ಮೂಲೆಗೆ ತಳ್ಳುವ ಅಭ್ಯಾಸ ಬಿಡಿ. ತೀರಿಹೋದವರ ಹೆಸರನ್ನೂ ಬಿಡಬೇಡಿ, ಹಿಂದೆ ‘ಲೇಟ್’ ಸೇರಿಸಿ, ತೀರಿಕೊಂಡ ದಿನ ಬರೆಯಿರಿ.

ಹೆಸರುಗಳದ್ದೇ ದೊಡ್ಡ ತಲೆನೋವು. ಪಹಣಿಯಲ್ಲಿ ಸಣ್ಣತಾಯಮ್ಮ, ರೇಷನ್ ಕಾರ್ಡಿನಲ್ಲಿ ಚಿಕ್ಕತಾಯಮ್ಮ, ಆಧಾರ್‌ನಲ್ಲಿ ಬರೀ ತಾಯಮ್ಮ. ಊರಿಗೆಲ್ಲ ಒಬ್ಬರೇ ಅಂತ ಗೊತ್ತು, ಕಾಗದಕ್ಕೆ ಗೊತ್ತಿಲ್ಲ. ‘ಸಣ್ಣತಾಯಮ್ಮ ಉರುಫ್ ಚಿಕ್ಕತಾಯಮ್ಮ ಉರುಫ್ ತಾಯಮ್ಮ ಕೋಂ ಲೇಟ್ ಕೆಂಪೇಗೌಡ’ ಅಂತ ಪೂರ್ತಿ ಬರೆಯಿರಿ (‘ಕೋಂ’ ಅಂದರೆ ಇಂಥವರ ಹೆಂಡತಿ). ತಾತನ ಹೆಸರನ್ನೇ ಮೊಮ್ಮಗನಿಗೆ ಇಟ್ಟ ಮನೆಯಲ್ಲಿ ಬೋರೇಗೌಡರು ಇಬ್ಬರಿರುತ್ತಾರೆ. ಅಲ್ಲಿ ‘ಬಿನ್’ ಹಾಕಿ ಅಪ್ಪನ ಹೆಸರು ಬರೆಯದಿದ್ದರೆ ಯಾರು ಯಾರೆಂದು ತಿಳಿಯುವುದೇ ಇಲ್ಲ.

ಬಿಟ್ಟುಹೋಗುವ ಹೆಸರುಗಳು

‘ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕಳಿಸಿ ಆಯ್ತಲ್ಲ, ಅವರ ಹೆಸರು ಯಾಕೆ?’ ಅನ್ನುವವರು ಈಗಲೂ ಜಾಸ್ತಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಅಪ್ಪನ ಸ್ವಂತ ಆಸ್ತಿಯಲ್ಲಿ ಮಗಳು ಮೊದಲ ದರ್ಜೆಯ ವಾರಸುದಾರಳು, ಅಂದರೆ ಮೊದಲು ಪಾಲು ಸಿಗುವವರಲ್ಲಿ ಒಬ್ಬಳು. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲೂ ಅವಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ತಿದ್ದುಪಡಿಗೆ ಮುಂಚೆಯೇ ಅಪ್ಪ ತೀರಿಹೋಗಿದ್ದರೂ ಆ ಹಕ್ಕು ಹೋಗುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಕ್ಕತಂಗಿಯರಿಗೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟು ಒಪ್ಪಿಸಿದ್ದೇವೆ ಅನ್ನುತ್ತೀರಾ? ಆಗಲಿ. ಅವರು ಮನಸ್ಸಿನಿಂದ ಬಿಟ್ಟುಕೊಟ್ಟಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿ. ಅದಾದ ಮೇಲೂ ವಂಶವೃಕ್ಷದಲ್ಲಿ ಅವರ ಹೆಸರು ಇರಲೇಬೇಕು. ಪಾಲು ಬಿಟ್ಟರೂ ಮಗಳು ಮಗಳೇ.

ತೀರಿಹೋದವರ ತಾಯಿ ಬದುಕಿದ್ದರೆ ಅವರೂ ಮೊದಲ ದರ್ಜೆಯವರು. ತಂದೆ ಎರಡನೇ ದರ್ಜೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅಪ್ಪನಿಗಿಂತ ಮೊದಲೇ ಮಗ ತೀರಿಹೋಗಿದ್ದರೆ ಅವನ ಹೆಂಡತಿ, ಮಕ್ಕಳು ಆ ಕೊಂಬೆಯ ಕೆಳಗೆ ಬರಬೇಕು.

ಲೆಕ್ಕ ಹೀಗೆ: ಕೆಂಪೇಗೌಡರ ಸ್ವಯಾರ್ಜಿತ ಜಮೀನು 2 ಎಕರೆ, ಅಂದರೆ 80 ಗುಂಟೆ. ವಿಲ್ ಬರೆದಿಲ್ಲ, ತಾಯಿ ಇಲ್ಲ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ತಲೆಗೆ 20 ಗುಂಟೆ. ಮಗಳ ಹೆಸರು ಬಿಟ್ಟರೆ ಇದು ಮೂರು ಪಾಲಾಗುತ್ತದೆ, ನಾಳೆ ಅವಳೋ ಅವಳ ಮಕ್ಕಳೋ ಕೋರ್ಟಿಗೆ ಹೋದರೆ ಎಲ್ಲ ಮೊದಲಿನಿಂದ. ಪಿತ್ರಾರ್ಜಿತವಾದರೆ ಲೆಕ್ಕ ಬೇರೆ, ಅದಕ್ಕೆ ವಕೀಲರನ್ನು ಕೇಳುವುದೇ ವಾಸಿ.

ದತ್ತು ಮಗ, ಅಣ್ಣನ ಮಗ

ಇಲ್ಲಿ ಎಡವುವವರಿಗೆ ಮೈಸೂರು ಅರಮನೆಯ ಉದಾಹರಣೆ ಸಾಕು. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಒಡೆಯರ ವಂಶವೃಕ್ಷದ ಚಿತ್ರವೇ ಇದೆ, ಹೋದಾಗ ನೋಡಿ.

ಯದುವೀರರು ಶ್ರೀಕಂಠದತ್ತ ನರಸಿಂಹರಾಜ ಒಡೆಯರ ಅಕ್ಕನ ಮೊಮ್ಮಗ. 2015ರಲ್ಲಿ ದತ್ತು ಆಯಿತು. ದತ್ತು ಆದ ಮೇಲೆ ವಂಶವೃಕ್ಷದಲ್ಲಿ ಅವರು ಶ್ರೀಕಂಠದತ್ತರ ಮಗನ ಜಾಗಕ್ಕೇ ಬರುತ್ತಾರೆ, ಮೊಮ್ಮಗನ ಸಾಲಿಗಲ್ಲ. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ತೆಗೆದುಕೊಂಡ ಚಾಮರಾಜ ಒಡೆಯರದ್ದೂ ಹೀಗೆಯೇ. ಜಯಚಾಮರಾಜ ಒಡೆಯರದ್ದು ಬೇರೆ ಕಥೆ. 1940ರಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ಪಟ್ಟ ಅವರಿಗೆ ಬಂತು. ಆದರೆ ಅವರ ಗೆರೆ ಎಳೆಯಬೇಕಾದ್ದು ಹೆತ್ತ ತಂದೆ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಕೆಳಗೆ. ಪಟ್ಟ ಪಕ್ಕಕ್ಕೆ ಹೋಯಿತು, ಗೆರೆ ಹೋಗಲಿಲ್ಲ.

ನಿಮ್ಮೂರಲ್ಲೂ ಇದೇ ನಡೆಯುತ್ತದೆ. ಮದುವೆಯಾಗದ ಚಿಕ್ಕಪ್ಪ ತೀರಿಹೋದರು, ಸಾಕಿ ಸಲಹಿದ ಅಣ್ಣನ ಮಗ ಅವರ ಗದ್ದೆ ಉಳುತ್ತಿದ್ದಾನೆ. ಸುಮ್ನೆ ಅವನನ್ನೇ ಮಗ ಅಂತ ಬರೆದುಬಿಡುತ್ತಾರೆ. ದತ್ತು ಆಗಿಲ್ಲದಿದ್ದರೆ ಅದು ಸುಳ್ಳು. ಚಿಕ್ಕಪ್ಪನ ಹೆಸರಿನ ಮುಂದೆ ‘ಅವಿವಾಹಿತ, ಮಕ್ಕಳಿಲ್ಲ’ ಅಂತ ಬರೆದು, ಅವರ ಅಪ್ಪನಿಂದ ಗೆರೆ ಎಳೆದು ಒಡಹುಟ್ಟಿದವರನ್ನೆಲ್ಲ ತೋರಿಸಿ. ತಂದೆತಾಯಿ ಇಬ್ಬರೂ ಇಲ್ಲದಿದ್ದರೆ ಬದುಕಿರುವ ಅಣ್ಣತಮ್ಮ, ಅಕ್ಕತಂಗಿಯರಿಗೆ ಹಕ್ಕು ಮೊದಲು, ಅಣ್ಣನ ಮಗನಿಗೆ ಆಮೇಲೆ.

ಕಚೇರಿ ಕೆಲಸ

ಹಾಳೆ ಸಿದ್ಧವಾದ ಮೇಲೆ ಉಳಿದದ್ದು ಓಡಾಟ. ಮರಣ ಪ್ರಮಾಣ ಪತ್ರ, ಆಧಾರ್, ರೇಷನ್ ಕಾರ್ಡು, ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ ಜೋಡಿಸಿಕೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ನೋಂದಾಯಿಸದೆ ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು, ಆ ಕೆಲಸ ಮೊದಲು ಮುಗಿಸಿ. ಅರ್ಜಿಯಲ್ಲಿ ‘ವಂಶವೃಕ್ಷ ದೃಢೀಕರಣ’ ಅಂತ ಕೇಳಿ. ‘ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ’ ಅಂತ ಇನ್ನೊಂದಿದೆ, ಅದರಲ್ಲಿ ತೀರಿಹೋದವರ ಕೊಂಬೆ ಕಾಣುವುದಿಲ್ಲ.

ಗ್ರಾಮ ಆಡಳಿತ ಅಧಿಕಾರಿ ಊರಿಗೆ ಬಂದು ವಿಚಾರಿಸುತ್ತಾರೆ, ಅಕ್ಕಪಕ್ಕದವರ ಸಹಿ ಪಡೆದು ಮಹಜರು (ಸ್ಥಳದಲ್ಲಿ ವಿಚಾರಿಸಿದ್ದರ ವರದಿ) ಬರೆಯುತ್ತಾರೆ. ಆ ಹೊತ್ತಿಗೆ ಮನೆಯ ಹಿರಿಯರೊಬ್ಬರು ಇರಲಿ. ದೃಢೀಕರಣ ಕೈಗೆ ಬಂದ ಮೇಲೆ ಪೌತಿ ಖಾತೆಗೆ ಅರ್ಜಿ. ವಾರಸಿನಿಂದ ಬಂದ ಹಕ್ಕನ್ನು 3 ತಿಂಗಳೊಳಗೆ ತಿಳಿಸಬೇಕು ಅಂತ 1964ರ ಭೂ ಕಂದಾಯ ಕಾಯ್ದೆಯಲ್ಲಿದೆ. ತಡವಾಗಿದ್ದರೂ ಹೋಗಿ, ಅರ್ಜಿ ಕೊಡಿ.

ಪಾಲು ಇನ್ನೂ ಆಗಿಲ್ಲದಿದ್ದರೆ ಎಲ್ಲರ ಹೆಸರಿಗೆ ಜಂಟಿ ಖಾತೆ ಮಾಡಿಸಿ. ಒಬ್ಬರ ಹೆಸರಿಗೆ ಮಾಡಿಸಿ ಆಮೇಲೆ ಹಂಚಿಕೊಳ್ಳೋಣ ಅನ್ನುವ ಮಾತು ಬೇಡ. ಖಾತೆ ಒಬ್ಬರ ಹೆಸರಿಗೆ ಆದ ಮಾತ್ರಕ್ಕೆ ಉಳಿದವರ ಹಕ್ಕು ಅಳಿಯುವುದಿಲ್ಲ. ಆದರೆ ಅದನ್ನು ಸಾಬೀತು ಮಾಡಲು ಅವರು ಕೋರ್ಟು ಅಲೆಯಬೇಕಾಗುತ್ತದೆ. ಮುಂದೆ ಪಾಲು ಮಾಡಿಕೊಳ್ಳುವಾಗ ಸರ್ವೆಗೆ ಅರ್ಜಿ ಹಾಕಿ, ಯಾರ ಪಾಲು ಎಲ್ಲಿ ಎಷ್ಟು ಅಂತ ಅಳೆದು ತೋರಿಸುವ 11ಇ ನಕ್ಷೆ ಮಾಡಿಸಿ, ವಿಭಾಗ ಪತ್ರ ನೋಂದಾಯಿಸಿಕೊಳ್ಳಬಹುದು.