ಕೋಟೆಯ ಕಥೆ ಆಡುವ ಗುಂಪಿನಲ್ಲಿ ಬಿರುದು ಕೊಡುವುದು ಹೇಗೆ?

ಓಬವ್ವನ ಹೆಸರಿನ ಮುಂದಿರುವ 'ಒನಕೆ'ಯನ್ನು ಒಮ್ಮೆ ಗಮನಿಸಿ. ಗಂಡ ಊಟಕ್ಕೆ ಕೂತಿದ್ದ, ಇವಳು ನೀರಿಗೆ ಹೋದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವ ಸದ್ದು ಕೇಳಿತು, ಕೈಗೆ ಸಿಕ್ಕ ಒನಕೆ ಹಿಡಿದು ನಿಂತಳು. ಕಾವಲು ಕೆಲಸ ಇದ್ದಿದ್ದು ಗಂಡನಿಗೆ, ಇವಳಿಗೆ ಯಾವ ಹುದ್ದೆಯೂ ಇರಲಿಲ್ಲ. ಕೈಯಲ್ಲಿದ್ದ ವಸ್ತುವೇ ಬಿರುದಾಯಿತು. ಬಿರುದು ಕೊಡುವ ವಿಷಯದಲ್ಲಿ ನಾನು ಹೇಳಬೇಕಾದ್ದೆಲ್ಲ ಇದರಲ್ಲೇ ಇದೆ, ಆದರೂ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಚಿತ್ರದುರ್ಗದಲ್ಲಿ ನಮ್ಮದೊಂದು ಸಣ್ಣ ಗುಂಪು. ನವೆಂಬರ್ 11ರ ಓಬವ್ವ ಜಯಂತಿ ಹತ್ತಿರ ಬಂದಾಗ, ಶಾಲೆಗಳ ವಾರ್ಷಿಕೋತ್ಸವದಲ್ಲಿ, ಪಾಳೆಯಗಾರರ ಕಾಲದ ಪ್ರಸಂಗಗಳನ್ನು ವೇಷ ಹಾಕಿ ಆಡಿ ತೋರಿಸುತ್ತೇವೆ. ಯಾರಿಗೂ ಸಂಬಳ ಇಲ್ಲ. ಮೊದಲ ವರ್ಷ ಸನ್ಮಾನ ಇಟ್ಟುಕೊಂಡಾಗ ವೇದಿಕೆ ಮೇಲಿದ್ದ ಅತಿಥಿಗಳಿಗೆಲ್ಲ ಶಾಲು, ಹಾರ, ಪೇಟ, ಮೊಮೆಂಟೊ ಹೋಯಿತು. 30 ಅಂಗಿ ಹೊಲಿದ ನಮ್ಮ ಅಕ್ಕ ಪರದೆಯ ಹಿಂದೆ, ದಾರ ಹಲ್ಲಲ್ಲಿ ಕಡಿಯುತ್ತಾ, ಯಾರದೋ ಹರಿದ ತೋಳಿಗೆ ಹೊಲಿಗೆ ಹಾಕುತ್ತಾ ಕೂತಿದ್ದರು. ಅವರ ಹೆಸರನ್ನು ಮೈಕಿನಲ್ಲಿ ಯಾರೂ ಹೇಳಲಿಲ್ಲ. ಆಮೇಲೆ ಎರಡು ಪ್ರದರ್ಶನಕ್ಕೆ ಅವರು ಬರಲೇ ಇಲ್ಲ. ತಪ್ಪು ಪೂರ್ತಿ ನಮ್ಮದೇ.

ಹೊರಗೆ ಇದನ್ನು ಹೇಗೆ ಮಾಡುತ್ತಾರೆ ಅಂತ ಆಗ ಹುಡುಕಿದೆವು. ಅಮೆರಿಕದ ಬರ್ಕ್ಲಿಯಲ್ಲಿ 1966ರಲ್ಲಿ ಶುರುವಾದ 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ' ಅನ್ನೋ ಸಂಘ ಇದೆ. ಯುರೋಪಿನ ಹಳೇ ಕಾಲವನ್ನು ವೇಷ, ಅಡುಗೆ, ಕಾಳಗ ಸಮೇತ ಆಡುವವರು. ಕಾಳಗದ ಪಂದ್ಯದಲ್ಲಿ ಗೆದ್ದವರು ಕೆಲವು ತಿಂಗಳು ರಾಜ ಆಗುತ್ತಾರೆ, ದರ್ಬಾರು ನಡೆಸಿ ಬಿರುದು ಕೊಡುತ್ತಾರೆ. ಕಾಳಗದಲ್ಲಿ ಪಳಗಿದವರಿಗೆ ನೈಟ್, ಕಲೆಗೆ ಲಾರೆಲ್, ಸೇವೆಗೆ ಪೆಲಿಕನ್. ನನಗೆ ತುಂಬಾ ಹಿಡಿಸಿದ್ದು ಏನೆಂದರೆ, ವರ್ಷಗಟ್ಟಲೆ ಅಡುಗೆ, ಲೆಕ್ಕ, ಸಾಮಾನು ನೋಡಿಕೊಂಡು ಪೆಲಿಕನ್ ಆದವರು ನೈಟ್‌ಗಿಂತ ಒಂದು ಮೆಟ್ಟಿಲೂ ಕೆಳಗಲ್ಲ, ಸರಿಸಮ. ಯಾರಿಗೆ ಏನು ಕೊಡಬೇಕು ಅಂತ ಯಾವ ಸದಸ್ಯರು ಬೇಕಾದರೂ ಬರೆದು ಶಿಫಾರಸು ಮಾಡಬಹುದು.

ಅದಕ್ಕೇ ಮೊದಲು ಒಂದು ನೋಟ್‌ಬುಕ್ ಇಡಿ. ಸಾಮಾನಿನ ಟ್ರಂಕ್ ಜೊತೆಗೇ ಇರಲಿ. ಯಾರು ಬೇಕಾದರೂ ಬರೆಯಲಿ, ಆದರೆ 'ತುಂಬಾ ಒಳ್ಳೆಯವರು' ಅಂತ ಬರೆದರೆ ಪ್ರಯೋಜನ ಇಲ್ಲ, ಕಂಡಿದ್ದನ್ನು ಬರೆಯಬೇಕು. ನಾಯಕನ ಪಾತ್ರಧಾರಿಯೊಬ್ಬನೇ ಕೂತು ಆರಿಸಬಾರದು. ಮೂರು ಜನ ಓದಿ ನಿರ್ಧರಿಸಲಿ, ಅವರಲ್ಲಿ ಒಬ್ಬರಾದರೂ ವೇಷ ಹಾಕದವರು ಇರಲಿ.

ಪ್ರಶಸ್ತಿ ಬೇರೆ, ಬಿರುದು ಬೇರೆ. ಒಂದು ಪ್ರದರ್ಶನದಲ್ಲಿ ಮಾಡಿದ ಕೆಲಸಕ್ಕೆ ಪ್ರಶಸ್ತಿ ಸಾಕು, ಅದನ್ನು ಧಾರಾಳವಾಗಿ ಕೊಡಿ. ಬಿರುದು ಮಾತ್ರ ಎರಡು ಮೂರು ವರ್ಷ ದುಡಿದವರಿಗೆ, ವರ್ಷಕ್ಕೆ ಒಂದೋ ಎರಡೋ. ಜಾಸ್ತಿ ಆದರೆ ಯಾರಿಗೂ ಬೆಲೆ ಇರಲ್ಲ, ಅಲ್ವಾ?

ಬಿರುದಿನ ಹೆಸರು ಹುಡುಕುವಾಗ ಹುಷಾರು. ನಾಯಕ, ಗೌಡ, ತಳವಾರ ಇವೆಲ್ಲ ಹಳೇ ಹುದ್ದೆಗಳೇ, ಆದರೆ ಇವತ್ತು ಜಾತಿಯ ಹೆಸರಾಗಿಯೋ ಮನೆತನದ ಹೆಸರಾಗಿಯೋ ಕೇಳಿಸುತ್ತವೆ, ಸುಮ್ನೆ ಒಬ್ಬರ ಮನಸ್ಸು ನೋಯಿಸಿದಂತಾಗುತ್ತದೆ. ಕೈಯಲ್ಲಿ ಹಿಡಿದ ವಸ್ತುವನ್ನೋ ನಿಂತ ಜಾಗವನ್ನೋ ಹೆಸರಿಸಿ. ಕೋಟೆಯ ಬತೇರಿ ಮೇಲೆ ಕಾವಲು ಇರುತ್ತಿತ್ತಲ್ಲ, ಹಾಗೆ ಜನಜಂಗುಳಿ ಸಂಭಾಳಿಸುವ ಹುಡುಗ ನಮ್ಮಲ್ಲಿ 'ಬತೇರಿ ಕಾವಲು'. ಸಾಮಾನು ಎಣಿಸಿ ಕೊಟ್ಟು ಎಣಿಸಿ ತಗೊಳ್ಳುವವರು 'ಉಗ್ರಾಣಿ'. ಹೊಲಿಗೆ ಅಕ್ಕನಿಗೆ ಸಿಕ್ಕಿದ್ದು 'ಬಂಗಾರದ ಸೂಜಿ'.

ಕಾನೂನಿನ ಅನುಮಾನ ಕೆಲವರಿಗೆ ಬರುತ್ತದೆ. ಸಂವಿಧಾನದ 18ನೇ ವಿಧಿ ಬಿರುದು ಕೊಡಬಾರದು ಅಂತ ಹೇಳಿರುವುದು ಸರ್ಕಾರಕ್ಕೆ. ಗುಂಪಿನೊಳಗಿನ ಬಿರುದಿಗೆ ಅಡ್ಡಿಯಿಲ್ಲ. ಆದರೂ ಲಗ್ನಪತ್ರಿಕೆಯಲ್ಲಿ, ಅರ್ಜಿಯಲ್ಲಿ ಹೆಸರಿನ ಹಿಂದೆ ಮುಂದೆ ಹಾಕಿಕೊಳ್ಳುವುದು ಬೇಡ ಅಂತ ಮೊದಲೇ ಮಾತಾಡಿಕೊಳ್ಳಿ.

ಬಿರುದಿನ ಜೊತೆ ಕೊಡುವ ಪತ್ರವನ್ನು ಕೈಯಲ್ಲೇ ಬರೆಸಿ. ಅಂಗಡಿಯಲ್ಲಿ ಸಿಗುವ ಸರ್ಟಿಫಿಕೇಟಿನಲ್ಲಿ ಹೆಸರು ತುಂಬಿಸಿ ಕೊಟ್ಟರೆ ಅದು ಬೀರುವಿನ ತಳ ಸೇರುತ್ತದೆ. ಅಕ್ಕಂದಿರ ಪೈಕಿ ಯಾರದ್ದಾದರೂ ಅಕ್ಷರ ಚೆನ್ನಾಗಿರುತ್ತದೆ, ಅವರನ್ನು ಕೇಳಿ. ಹೊಲಿಗೆ ಅಕ್ಕನ ಪತ್ರದಲ್ಲಿ ನಾವು ಬರೆದಿದ್ದು ಇಷ್ಟೇ: 'ಮಳೆ ಬಂದ ರಾತ್ರಿ ನೆನೆದ ಹನ್ನೊಂದು ಪೇಟಗಳನ್ನು ಮನೆಗೆ ಒಯ್ದು, ಇಸ್ತ್ರಿ ಹಾಕಿ ಒಣಗಿಸಿ, ಬೆಳಗ್ಗೆ ಏಳಕ್ಕೆ ತಂದುಕೊಟ್ಟವರು.' ಅದನ್ನು ಓದುವಾಗ ಅವರ ಮಗ ಎದ್ದು ನಿಂತುಬಿಟ್ಟ. ಆ ರಾತ್ರಿ ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿಕೊಟ್ಟವನು ಅವನೇ ಅಂತೆ.

ಜೊತೆಗೆ ಏನಾದರೂ ಕೊಡಬೇಕಲ್ಲ. ಮೊಳಕಾಲ್ಮೂರು ಸೀರೆ ಕೊಡುವಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ, ಚಳ್ಳಕೆರೆ ಕಡೆಯ ಕಂಬಳಿ ಹೊದಿಸುತ್ತೇವೆ. ಈ ನೆಲದ್ದು, ಬಳಕೆಗೂ ಬರುತ್ತದೆ.

ಇದನ್ನು ಕಾರ್ಯಕ್ರಮದ ಕೊನೆಗೆ ಇಡಲೇಬೇಡಿ. ಅಷ್ಟೊತ್ತಿಗೆ ಜನ ಎದ್ದು ಮಂಡಕ್ಕಿ, ಮಿರ್ಚಿ ಕಡೆ ಹೊರಟಿರುತ್ತಾರೆ. ಮೊದಲ ಪ್ರಸಂಗ ಮುಗಿದು ಎರಡನೆಯದು ಶುರುವಾಗುವ ನಡುವೆ, ವೇಷದಲ್ಲಿರುವ ನಾಯಕನೇ ಇಳಿದು ಬಂದು ಕೊಡಲಿ. ಪಡೆಯುವವರು ವೇದಿಕೆ ಹತ್ತಲು ಸಂಕೋಚಪಟ್ಟರೆ ನಾಯಕನೇ ಅವರಿದ್ದಲ್ಲಿಗೆ ಹೋಗಲಿ. ನಮ್ಮಲ್ಲಿ ಹಾಗೇ ಆಯಿತು. ಕಹಳೆ ಊದಿಸಿ, ಪರದೆ ಸರಿಸಿ, ಬಟ್ಟೆ ರಾಶಿಯ ನಡುವೆ ಕೂತಿದ್ದ ಅಕ್ಕನಿಗೆ ಅಲ್ಲೇ ಕಂಬಳಿ ಹೊದಿಸಿದೆವು.