ಹಳೇ ಬ್ಲಾಗ್, ಹೊಸ ಡ್ಯಾಶ್‌ಬೋರ್ಡ್: ಮೊದಲು ಗಡಿಯಾರ, ಆಮೇಲೆ ಲಿಂಕ್

ಕೊಪ್ಪಳದ ನಮ್ಮ ಮೇಷ್ಟ್ರೊಬ್ಬರು ಬಹಳ ಹಿಂದೆ ಹುರುಪಿನಲ್ಲಿ ಒಂದು ಬ್ಲಾಗ್ ಶುರು ಮಾಡಿದ್ದರು. ಫೇಸ್‌ಬುಕ್ ಬಂದ ಮೇಲೆ ಅದನ್ನು ಮರೆತೇಬಿಟ್ಟರು. ನಿವೃತ್ತಿಯಾದ ಮೇಲೆ ಮತ್ತೆ ತೆರೆದರೆ ಒಂದೂ ಗುರುತು ಸಿಗಲಿಲ್ಲ. ಅವರ ಬ್ಲಾಗ್ ಇದ್ದದ್ದು ಗೂಗಲ್‌ನ 'ಬ್ಲಾಗರ್' ಸೇವೆಯಲ್ಲಿ. ಅದು 2020ರಲ್ಲೇ ಡ್ಯಾಶ್‌ಬೋರ್ಡಿನ, ಅಂದರೆ ಬ್ಲಾಗ್ ನಡೆಸುವ ಒಳಪುಟದ, ರೂಪ ಬದಲಿಸಿದೆ. ಆದರೂ ಕಲಿತುಕೊಂಡರು. ಗವಿಮಠದ ಜಾತ್ರೆಗೆ ಬರುವವರು ಗಾಡಿ ಎಲ್ಲಿ ನಿಲ್ಲಿಸಬೇಕು, ದಾಸೋಹಕ್ಕೆ ಯಾವ ದಾರಿ ಅಂತೆಲ್ಲ ಬರೆದು, ತೇರಿನ ದಿನ ಬೆಳಿಗ್ಗೆ 6ಕ್ಕೆ ತಾನಾಗೇ ಪ್ರಕಟವಾಗಲಿ ಅಂತ ಸಮಯ ಇಟ್ಟರು. ಬರಹ ಹೊರಬಿದ್ದದ್ದು ಸಂಜೆ ಏಳೂವರೆಗೆ. ಅಷ್ಟೊತ್ತಿಗೆ ತೇರು ಎಳೆದಾಗಿತ್ತು. ಜನ ಮಿರ್ಚಿ ಕಟ್ಟಿಸಿಕೊಂಡು ಬಸ್ ಸ್ಟ್ಯಾಂಡ್ ಕಡೆ ನಡೆದಿದ್ದರು.

ತಪ್ಪು ಯಾರದ್ದೂ ಅಲ್ಲ. ನೋಡದೇ ಬಿಟ್ಟ ಒಂದು ಸೆಟ್ಟಿಂಗ್, ಅಷ್ಟೇ. ಹಾಗಾಗಿ ಶುರು ಅಲ್ಲಿಂದಲೇ.

1. ಗಡಿಯಾರ. ಎಡಗಡೆ ಮೇಲಿರುವ ಮೂರು ಗೆರೆ ಒತ್ತಿದರೆ ಮೆನು ಬರುತ್ತದೆ. ಪೋಸ್ಟ್ಸ್, ಸ್ಟ್ಯಾಟ್ಸ್, ಕಾಮೆಂಟ್ಸ್ ದಾಟಿ ಕೆಳಗೆ ಸೆಟ್ಟಿಂಗ್ಸ್‌ಗೆ ಹೋಗಿ. ಈಗ ಎಲ್ಲವೂ ಒಂದೇ ಉದ್ದನೆಯ ಪುಟ. ಅದರಲ್ಲಿ ಫಾರ್ಮ್ಯಾಟಿಂಗ್ ಅಡಿ 'ಟೈಮ್ ಝೋನ್' ಇದೆ. ಎಷ್ಟೋ ಹಳೇ ಬ್ಲಾಗುಗಳಲ್ಲಿ ಅಲ್ಲಿ ಅಮೆರಿಕದ ಪೆಸಿಫಿಕ್ ಸಮಯ ಕೂತಿರುತ್ತದೆ. ಅದು ನಮಗಿಂತ ಚಳಿಗಾಲದಲ್ಲಿ 13 ಗಂಟೆ 30 ನಿಮಿಷ, ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ ಹಿಂದೆ. ಜಿಎಂಟಿ +5:30 ಇರುವ ಭಾರತದ ಸಮಯ ಆರಿಸಿ.

2. ಬರೆಯುವುದು. ಕಿತ್ತಳೆ ಬಣ್ಣದ ಪ್ಲಸ್ ಗುಂಡಿ ಒತ್ತಿ, ಬರೆಯಿರಿ.

ಒಂದು ಮಾತು. ಡಿಟಿಪಿ ಅಂಗಡಿಯಲ್ಲಿ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ತಂದು ಸುರಿಯಬೇಡಿ. ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡ ಕಂಡದ್ದು ಓದುಗನ ಫೋನಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನವಾಗುತ್ತದೆ. ಎಲ್ಲ ಫೋನು, ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗೇ ಕಾಣುವ ಯೂನಿಕೋಡ್‌ಗೆ ಬದಲಿಸಿಯೇ ತನ್ನಿ. ಬದಲಿಸಿದ ಮೇಲೂ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಾರೆ ನೋಡಿ. ವರ್ಡ್‌ನಿಂದ ತರುವುದಾದರೆ ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿ ಅಂಟಿಸಿ. ಇಲ್ಲವಾದರೆ ಒಂದು ಪ್ಯಾರಾ ದೊಡ್ಡದು, ಒಂದು ಸಣ್ಣದು, ನಡುವೆ ಬೇಡದ ಬಣ್ಣ.

3. ಲಿಂಕ್. ಹೆಚ್ಚಿನವರು ಎಡವುವುದು ಇಲ್ಲೇ. ಮೇಷ್ಟ್ರು ಕುಕನೂರು ತಾಲ್ಲೂಕಿನ ಇಟಗಿಯ ಮಹಾದೇವ ದೇವಾಲಯದ ಬಗ್ಗೆ ಚಂದದ ಬರಹ ಹಾಕಿದ್ದರು. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆದದ್ದು, ಎಲ್ಲಾ ಇತ್ತು. ಅದರ ವಿಳಾಸ ಮಾತ್ರ 'ಬ್ಲಾಗ್-ಪೋಸ್ಟ್' ಅಂತಾಗಿ ಮುಂದೊಂದು ನಂಬರ್. ಅದಕ್ಕೂ ಹಿಂದಿನ ಬರಹದ್ದೂ ಹಾಗೇ, ನಂಬರ್ ಬೇರೆ. ಚಕ್ರವರ್ತಿಗೆ ರೋಲ್ ನಂಬರ್ ಕೊಟ್ಟ ಹಾಗೆ.

ಯಾಕೆ ಅಂದರೆ, ಬ್ಲಾಗರ್ ತಾನಾಗೇ ವಿಳಾಸ ಮಾಡುವಾಗ ಶೀರ್ಷಿಕೆಯ ಇಂಗ್ಲಿಷ್ ಅಕ್ಷರ, ಅಂಕಿಗಳನ್ನಷ್ಟೇ ಎತ್ತಿಕೊಳ್ಳುತ್ತದೆ. ಕನ್ನಡವೆಲ್ಲ ಉದುರಿಹೋಗುತ್ತದೆ. ಏನೂ ಉಳಿಯದಿದ್ದಾಗ ಈ ಸಿದ್ಧ ಹೆಸರು.

ಹೀಗೆ ಮಾಡಿ. ಬರೆಯುವ ಪರದೆಯ ಬಲಗಡೆ 'ಪೋಸ್ಟ್ ಸೆಟ್ಟಿಂಗ್ಸ್' ಇರುತ್ತದೆ. ಫೋನಿನಲ್ಲಿ, ಸಣ್ಣ ಪರದೆಯಲ್ಲಿ ಅದು ಹಲ್ಲುಚಕ್ರದ ಚಿತ್ರದ ಹಿಂದೆ ಅಡಗಿರುತ್ತದೆ. ಒಳಗೆ 'ಪರ್ಮಾಲಿಂಕ್' ಒತ್ತಿ, 'ಆಟೊಮ್ಯಾಟಿಕ್' ಬಿಟ್ಟು 'ಕಸ್ಟಮ್' ಆರಿಸಿ. ಅಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಇಟಗಿ-ಮಹಾದೇವ ಅಂತ ಬರೆಯಿರಿ. ಪದಗಳ ನಡುವೆ ಜಾಗ ಬಿಡಬೇಡಿ, ಅಡ್ಡಗೆರೆ ಹಾಕಿ. ಎರಡು ಮೂರು ಪದ ಸಾಕು. ಇಡೀ ಶೀರ್ಷಿಕೆಯನ್ನು ಇಂಗ್ಲಿಷಿಗೆ ಅನುವಾದ ಮಾಡಿ ತುರುಕುವವರಿದ್ದಾರೆ, ನನಗದು ಸೇರುವುದಿಲ್ಲ. ಊರಿನ ಹೆಸರು ಮೊದಲಿರಲಿ.

ಇದೆಲ್ಲ ಪ್ರಕಟಿಸುವ ಮುಂಚೆಯೇ ಆಗಬೇಕು. ಆಮೇಲೆ ವಿಳಾಸಕ್ಕೆ ಬೀಗ ಬೀಳುತ್ತದೆ. ಈಗಾಗಲೇ ಪ್ರಕಟಿಸಿದ್ದೀರಾ? ಹಾಗಾದರೆ ಪೋಸ್ಟನ್ನು 'ರಿವರ್ಟ್ ಟು ಡ್ರಾಫ್ಟ್' ಮಾಡಿ, ವಿಳಾಸ ತಿದ್ದಿ, ಮತ್ತೆ ಪ್ರಕಟಿಸಿ. ಆದರೆ ನೀವು ಹಿಂದೆ ವಾಟ್ಸಾಪ್‌ನಲ್ಲಿ ಹಂಚಿದ ಲಿಂಕ್ ಅಲ್ಲಿಗೆ ಸತ್ತಿತು. ಅದನ್ನು ಬದುಕಿಸಲು ಸೆಟ್ಟಿಂಗ್ಸ್‌ನ 'ಎರರ್ಸ್ ಅಂಡ್ ರೀಡೈರೆಕ್ಟ್ಸ್' ಅಡಿ 'ಕಸ್ಟಮ್ ರೀಡೈರೆಕ್ಟ್ಸ್'ಗೆ ಹೋಗಿ. 'ಫ್ರಮ್' ಕಡೆ ಹಳೇ ವಿಳಾಸ, 'ಟು' ಕಡೆ ಹೊಸದು. ಎರಡರಲ್ಲೂ ಬ್ಲಾಗಿನ ಹೆಸರು, ಡಾಟ್ ಕಾಮ್ ಬಿಟ್ಟು, ಅದರ ಮುಂದಿನ ಸ್ಲ್ಯಾಶ್‌ನಿಂದ ಶುರು ಮಾಡಿ. ಪೂರ್ತಿ ವಿಳಾಸ ಅಂಟಿಸಿ 'ಕೆಲಸ ಮಾಡ್ತಿಲ್ಲ' ಅಂತ ನನಗೆ ಫೋನ್ ಮಾಡುವವರೇ ಜಾಸ್ತಿ. 'ಪರ್ಮನೆಂಟ್' ಆನ್ ಮಾಡಿ, ಸೇವ್ ಒತ್ತಿ, ಆಮೇಲೆ ಹಳೇ ಲಿಂಕ್ ತೆರೆದು ನೋಡಿ.

ಐವತ್ತು ಹಳೇ ಪೋಸ್ಟ್‌ಗಳಿಗೆಲ್ಲ ಹೀಗೆ ಮಾಡಲು ಹೋಗಬೇಡಿ. ಜನ ಈಗಲೂ ಓದುವ ನಾಲ್ಕೈದಕ್ಕೆ ಮಾಡಿ. ಯಾವುವು ಅಂತ ಸ್ಟ್ಯಾಟ್ಸ್ ತೋರಿಸುತ್ತದೆ.

4. ಲೇಬಲ್. ಒಂದೇ ವಿಷಯದ ಬರಹಗಳನ್ನು ಒಟ್ಟುಮಾಡುವ ಹೆಸರಿನ ಚೀಟಿ ಇದು. ಎರಡೋ ಮೂರೋ ಹಾಕಿ. 'ರಾಯಚೂರು' ಒಮ್ಮೆ, 'ರಾಯಚೂರು ಜಿಲ್ಲೆ' ಇನ್ನೊಮ್ಮೆ ಬೇಡ. ಎರಡು ಬೇರೆ ಬೇರೆ ಡಬ್ಬಿಯಾಗುತ್ತವೆ.

5. ಪ್ರಕಟಣೆ. ಮೇಲೆ ಬಲಗಡೆ ಕಾಗದದ ವಿಮಾನದ ಚಿತ್ರವಿದೆ. ಅದು ಪಬ್ಲಿಷ್. ವಾಟ್ಸಾಪ್ ಅಭ್ಯಾಸದಲ್ಲಿ ಅದನ್ನು 'ಕಳಿಸು' ಅಂದುಕೊಂಡು ಒತ್ತಿ, ಮುಂದಿನ ಪ್ರಶ್ನೆಗೂ ಸುಮ್ನೆ ಕನ್ಫರ್ಮ್ ಕೊಟ್ಟು, ಅರ್ಧ ಬರಹ ಊರಿಗೆಲ್ಲ ತೋರಿಸಿದವರನ್ನು ನೋಡಿದ್ದೇನೆ. ಅದರ ಪಕ್ಕದ ಕಣ್ಣಿನ ಚಿತ್ರ ಪ್ರಿವ್ಯೂ. ಮೊದಲು ಅದನ್ನು ಒತ್ತಿ.

ಮೇಷ್ಟ್ರು ಈಗ ಪ್ರಿವ್ಯೂ ತೆರೆದು ಫೋನನ್ನು ಹೆಂಡತಿಯ ಕೈಗೆ ಕೊಡುತ್ತಾರೆ. ಅವರು ಕನ್ನಡಕ ಹಾಕಿಕೊಳ್ಳದೆ ಓದಿದರೆ ಅಕ್ಷರದ ಗಾತ್ರ ಸರಿಯಿದೆ ಅಂತ ಲೆಕ್ಕ.