ಮಕರದ ಭುಜ ಎಲ್ಲಿದೆ?

"ಈ ರೆಕ್ಕೆ ಎಲ್ಲಿಂದ ಹೊರಟಿದೆ?"

ಬೆಂಗಳೂರಿನ ಕಾಮಿಕ್ ಕಾನ್ ಮೇಳದಲ್ಲಿ, ಕಲಾವಿದರ ಸಾಲಿನ ಒಂದು ಮೇಜಿನ ಮುಂದೆ ನಿಂತಿದ್ದೆ. ಟ್ಯಾಬ್ಲೆಟ್‌ನಲ್ಲಿ ನನ್ನ 32 ಚಿತ್ರಗಳಿದ್ದವು. ಮೇಜಿನ ಆಚೆ ಇದ್ದವರು ಗೇಮ್ ಕಂಪನಿಗಳಿಗೆ ವರ್ಷಗಳಿಂದ ಪ್ರಾಣಿಗಳನ್ನು ವಿನ್ಯಾಸ ಮಾಡುತ್ತಿರುವ ಹಿರಿಯರು. ಬೇಗ ಬೇಗ ಸರಿಸುತ್ತಾ ಹೋದವರು ರೆಕ್ಕೆಗಳಿರುವ ಒಂದು ಮಕರದ ಹತ್ತಿರ ನಿಂತರು. ಮಕರ ಅಂದರೆ ಹಳೆಯ ಗುಡಿಗಳ ಗೋಡೆಯಲ್ಲಿ ಕಾಣುವ, ಮೊಸಳೆ ಬಾಯಿ, ಆನೆ ಸೊಂಡಿಲಿನ ಕಲ್ಪನೆಯ ಪ್ರಾಣಿ. ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರೆಕ್ಕೆ ಬೆನ್ನಿನಿಂದ ಹೊರಟಿತ್ತು, ಅಷ್ಟೇ.

ಅವರು ಒಂದು ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಬಾವಲಿಯ ಎಲುಬು ಬರೆದು ತೋರಿಸಿದರು. "ಬಾವಲಿಗೆ ರೆಕ್ಕೆ ಅಂದ್ರೆ ಅದರ ಕೈ. ನಿಮ್ಮ ಪ್ರಾಣಿಗೆ ಮುಂಗಾಲೂ ಇದೆ, ರೆಕ್ಕೆಯೂ ಇದೆ. ಹಾಗಾದ್ರೆ ಎರಡು ಜೊತೆ ಭುಜ ಬೇಕು. ಎಲ್ಲಿ ಇಟ್ಟಿದ್ದೀರಿ?" ಆಮೇಲೆ ಕೇಳಿದರು, "ನಿಮ್ಮೂರು ಯಾವುದು?" ಪುತ್ತೂರಿನ ಹತ್ತಿರ ಅಂದೆ. "ಅಡಿಕೆ ತೋಟ ಇರ್ಬೇಕಲ್ವಾ? ಹಾರುವ ಓತಿ ನೋಡಿಲ್ವಾ?"

ಎಲ್ಲಾ ಸೇರಿ ಆರು ನಿಮಿಷ ಮಾತಾಡಿದ್ದೇವೆ ಅಷ್ಟೇ. ನನ್ನ ಹಿಂದೆ ಸಾಲಿತ್ತು. ಆ ಹಾಳೆಯನ್ನು ಇಸ್ಕೊಂಡು ಬಂದೆ. ಈಗಲೂ ನನ್ನ ಮೇಜಿನ ಮುಂದೆ ಅಂಟಿಸಿದೆ.

ನಾನು ಈಗ ಮಕ್ಕಳ ಪುಸ್ತಕಗಳಿಗೆ, ಬೋರ್ಡ್ ಗೇಮ್‌ಗಳಿಗೆ ಫ್ಯಾಂಟಸಿ ಚಿತ್ರ ಬರೆದು ಜೀವನ ಮಾಡುತ್ತೇನೆ. "ಶುರು ಮಾಡೋದು ಹೇಗೆ, ಗುರುಗಳು ಎಲ್ಲಿ ಸಿಗ್ತಾರೆ, ಯಾರಿಗೆ ತೋರಿಸೋದು" ಅಂತ ತುಂಬಾ ಜನ ಕೇಳುತ್ತಾರೆ. ಆ ಒಂದೇ ಮಕರದ ಚಿತ್ರ ನನ್ನನ್ನು ಎಲ್ಲೆಲ್ಲಿ ಕರ್ಕೊಂಡು ಹೋಯಿತು ಅಂತ ಹೇಳುತ್ತೇನೆ. ನನಗೆ ಗೊತ್ತಿರುವುದೆಲ್ಲ ಅದರಲ್ಲೇ ಇದೆ.

ಅಲ್ಲಿಯವರೆಗೆ ನನ್ನ ಚಿತ್ರಗಳಲ್ಲಿ ಇದ್ದದ್ದು ಹಿಮ, ಕೋಟೆ, ಪೈನ್ ಮರ. ಹಿಮವನ್ನು ನಾನು ಕಣ್ಣಾರೆ ಕಂಡವನೇ ಅಲ್ಲ. ಬೇರೆಯವರು ನೋಡಿ ಬರೆದದ್ದನ್ನು ನಾನು ನೋಡಿ ಬರೆಯುತ್ತಿದ್ದೆ. ಊರಿಗೆ ಹೋಗಿ ಒಂದು ವಾರ ತೋಟದಲ್ಲೇ ಕೂತೆ. ಬೆಳಗ್ಗೆ ಬಿಸಿಲು ಅಡಿಕೆ ಮರದ ನೆತ್ತಿಗೆ ಬಿದ್ದ ಮೇಲೆ ಓತಿಗಳು ಹೊರಗೆ ಬರುತ್ತವೆ. ಮರದ ತೊಗಟೆಯದೇ ಬಣ್ಣ, ಅಲ್ಲಾಡುವವರೆಗೆ ಕಾಣುವುದೇ ಇಲ್ಲ. ಗಂಡು ಓತಿ ಗಂಟಲ ಕೆಳಗಿನ ಹಳದಿ ಚೀಲವನ್ನು ಚಾಚಿ ಚಾಚಿ ಮಡಚುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಜಿಗಿದು ಮುಂದಿನ ಮರಕ್ಕೆ ತೇಲಿ ಹೋಗಿ ಅಂಟಿಕೊಳ್ಳುತ್ತದೆ.

ಅದರ ರೆಕ್ಕೆ ಕೈ ಅಲ್ಲ. ಪಕ್ಕೆಲುಬುಗಳೇ ಉದ್ದವಾಗಿ ಹೊರಗೆ ಚಾಚಿ, ಅವುಗಳ ಮಧ್ಯೆ ಚರ್ಮ ಬಿಗಿದುಕೊಂಡಿರುತ್ತದೆ. ಹಾಗಾಗಿ ನಾಲ್ಕು ಕಾಲೂ ಇವೆ, ರೆಕ್ಕೆಯೂ ಇದೆ, ಎರಡನೇ ಭುಜದ ಗೋಜೇ ಇಲ್ಲ. ಪಶ್ಚಿಮ ಘಟ್ಟದ ಇದೇ ಓತಿಯ ಬಗ್ಗೆ 2017ರಲ್ಲಿ ಒಂದು ಅಧ್ಯಯನ ಪ್ರಕಟವಾಗಿದೆ. ತೇಲುವಾಗ ಅದು ಮುಂಗಾಲಿನಿಂದ ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ ಅಂತ ಅದರಲ್ಲಿದೆ. ಕೊಡೆಯ ಬಟ್ಟೆಯನ್ನು ಕೈಯಲ್ಲಿ ಎಳೆದು ಹಿಡಿದ ಹಾಗೆ. ನನಗೆ ಮೈ ಜುಮ್ ಅಂದಿತು. ಮಕರ ರೆಕ್ಕೆ ಬಿಚ್ಚುವಾಗ ಮುಂಗಾಲು ಏನು ಮಾಡುತ್ತಿರುತ್ತದೆ ಅನ್ನೋದಕ್ಕೆ ಉತ್ತರ ನಮ್ಮ ತೋಟದಲ್ಲೇ ಇತ್ತು. ಬಾಲ್ಯದಿಂದ ನೋಡಿದ ಪ್ರಾಣಿ ಅದು. ಒಂದು ಸಲವೂ ಬರೆದಿರಲಿಲ್ಲ.

ಅಲ್ಲಿಂದ ಹಳೇಬೀಡಿಗೆ ಹೋದೆ, ಆಮೇಲೆ ಸೋಮನಾಥಪುರಕ್ಕೆ. ಹೊಯ್ಸಳ ಗುಡಿಗಳ ಗೋಡೆಯ ಕೆಳಗಿನ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಬಳ್ಳಿ, ಕತೆ, ಅದರ ಮೇಲೆ ಮಕರ, ಹಂಸ ಸಾಲಾಗಿ ಬರುತ್ತವೆ. ಗೈಡುಗಳು ಬಾಯಿಪಾಠ ಒಪ್ಪಿಸುತ್ತಾರೆ: ಮೊಸಳೆ ಬಾಯಿ, ಆನೆ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲ. ಅದನ್ನು ಕೇಳಿ ಫೋಟೋ ತೆಗೆದು ಹೊರಟರೆ ಏನೂ ಸಿಗುವುದಿಲ್ಲ. ಕೂತು ಬರೆಯಬೇಕು. ಬೆಳಗ್ಗಿನ ಓರೆ ಬಿಸಿಲಿನಲ್ಲಿ ಒಂದೇ ಮಕರವನ್ನು ಮೂರು ಗಂಟೆ ಬರೆದೆ. ಎರಡು ಪ್ರಾಣಿಗಳು ಸೇರುವ ಜಾಗವನ್ನು ಶಿಲ್ಪಿ ಹೇಗೆ ದಾಟಿದ್ದಾನೆ ಅಂತ ಆಗ ಕಂಡಿತು. ಕುತ್ತಿಗೆ ಮೈಗೆ ಸೇರುವಲ್ಲಿ ಆಭರಣದ ಪಟ್ಟಿ. ಮೈ ಬಾಲವಾಗುವಲ್ಲಿ ಬಳ್ಳಿಯ ಸುರುಳಿ. ಬಾಲ ಎಲ್ಲಿ ಮುಗಿಯಿತು, ಬಳ್ಳಿ ಎಲ್ಲಿ ಶುರುವಾಯಿತು ಅಂತ ಹೇಳಲಿಕ್ಕೇ ಆಗುವುದಿಲ್ಲ. ಕಣ್ಣಿಗೆ ಎಲ್ಲೂ ಜಿಗಿಯುವ ಕೆಲಸವಿಲ್ಲ.

ಹದಿಮೂರನೇ ಶತಮಾನದ ಸೋಮನಾಥಪುರದ ಗುಡಿಯಲ್ಲಿ ಮಲ್ಲಿತಮ್ಮ ಅನ್ನುವ ಶಿಲ್ಪಿ ತನ್ನ ಹೆಸರನ್ನೂ ಕೆತ್ತಿದ್ದಾನೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರಿದೆ. ತಂದೆಯ ಕೆಲಸದ ಪಕ್ಕದಲ್ಲೇ ಮಗ ಕೆತ್ತಿದ್ದಾನೆ. ದಿನಾ ನೋಡಿ, ದಿನಾ ತಿದ್ದುವ ಕಣ್ಣು ಮನೆಯಲ್ಲೇ ಇತ್ತು ಅಂತ ಅಲ್ಲಿ ಕೂತಾಗ ಅನ್ನಿಸಿತು. ನಮಗೆ ಅದು ಇಲ್ಲ. ನಾವು ಹುಡುಕಿಕೊಂಡೇ ಹೋಗಬೇಕು.

ಮುಂದಿನ ಪಾಠ ಸಿಕ್ಕಿದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ. ನಮ್ಮೂರಿನವರೊಬ್ಬರು ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸರಂಥ ಪಾತ್ರ ಮಾಡುತ್ತಾರೆ. ಆಟಕ್ಕೆ ಮೊದಲು ಚೌಕಿಯಲ್ಲಿ ಅವರ ಪಕ್ಕ ಕೂತು ಬರೆಯಲು ಅನುಮತಿ ಕೇಳಿದೆ. "ಕೂತ್ಕೋ, ಆದರೆ ಬೆಳಕಿಗೆ ಅಡ್ಡ ಬರ್ಬೇಡ" ಅಂದರು. ಅಕ್ಕಿ ಹಿಟ್ಟು ಸುಣ್ಣ ಕಲಸಿದ ಹಿಟ್ಟನ್ನು ಸಣ್ಣ ಕಡ್ಡಿಯಲ್ಲಿ ತೆಗೆದು ಮುಖದ ಮೇಲೆ ಒಂದೊಂದೇ ಚಿಟ್ಟಿ ಇಡುತ್ತಾರೆ. ಮುಳ್ಳಿನ ಹಾಗೆ ಎದ್ದು ನಿಲ್ಲುತ್ತವೆ. ಗಂಟೆಗಟ್ಟಲೆ ಕೆಲಸ. ಹತ್ತಿರದಿಂದ ನೋಡಿದರೆ ಕೆಂಪು, ಕಪ್ಪು, ಬಿಳಿ ಅಷ್ಟೇ ಕಾಣುತ್ತದೆ.

ನನ್ನ ಮಕರದ ಚಿತ್ರ ತೋರಿಸಿದೆ. ಕನ್ನಡಿಯಿಂದ ಕಣ್ಣು ತೆಗೆಯದೆ ಒಂದು ಸಲ ಈ ಕಡೆ ನೋಡಿದರು. "ಎಲ್ಲಾ ಕಡೆ ಗೆರೆ ಹಾಕಿದ್ದಿ ಮಾರಾಯಾ. ಗದ್ದೆಯ ಆಚೆ ಬದಿ ಕೂತವನಿಗೆ ಇದರ ಕಣ್ಣು ಯಾವುದು ಅಂತ ಗೊತ್ತಾಗ್ತದಾ?" ಆ ರಾತ್ರಿ ನಾನು ಬೇಕಂತಲೇ ಕೊನೆಯ ಸಾಲಿನಲ್ಲಿ ಕೂತೆ. ದೊಂದಿಗೆ ರಾಳ ಎರಚಿದಾಗ ಭುಗ್ ಅಂತ ಬೆಂಕಿ ಎದ್ದು, ಆ ಬೆಳಕಿನಲ್ಲಿ ರಾಕ್ಷಸನ ಮುಖ ಒಂದು ಕ್ಷಣ ಕಂಡಿತು. ಅಷ್ಟು ದೂರದಿಂದಲೂ ಕಣ್ಣು ಕಣ್ಣಾಗಿ, ಬಾಯಿ ಬಾಯಾಗಿ ಕಂಡಿತು.

ಮುಂದೆ ಗೇಮ್ ಕೆಲಸ ಸಿಕ್ಕಾಗ ಇದೇ ಮಾತು ಬಂತು. ಆಟದ ಕಾರ್ಡ್ ಸಾಮಾನ್ಯವಾಗಿ 2.5 ಇಂಚು ಅಗಲ, 3.5 ಇಂಚು ಎತ್ತರ. ಚಿತ್ರಕ್ಕೆ ಸಿಗುವುದು ಅದರ ಅರ್ಧ ಜಾಗ. ಈಗ ಯಾವ ಚಿತ್ರ ಶುರು ಮಾಡಿದರೂ ಮೊದಲು ಬೆಂಕಿಪೊಟ್ಟಣದಷ್ಟು ದೊಡ್ಡದಾಗಿ, ಬರೀ ಕಪ್ಪು, ಬಿಳಿ, ಬೂದು ಮೂರೇ ಬಣ್ಣದಲ್ಲಿ ಹತ್ತು ಬರೆಯುತ್ತೇನೆ. ಗೋಡೆಗೆ ಅಂಟಿಸಿ ಬಾಗಿಲಿನಿಂದ ನೋಡುತ್ತೇನೆ. ಕಾಣದಿದ್ದರೆ ಬಿಟ್ಟುಬಿಡುತ್ತೇನೆ.

ಗುರುಗಳ ವಿಷಯಕ್ಕೆ ಬರುತ್ತೇನೆ. ಮೊದಲು ನಾನು ಒಂದು ಆನ್‌ಲೈನ್ ಕೋರ್ಸ್‌ಗೆ ಜಾಸ್ತಿ ದುಡ್ಡು ಕೊಟ್ಟು ಸೇರಿದೆ. ವಿಡಿಯೋಗಳು ಚೆನ್ನಾಗಿದ್ದವು. ಆದರೆ ನಾನು ಕಳಿಸಿದ ಎಂಟು ಚಿತ್ರಗಳಿಗೂ ಬಂದ ಉತ್ತರ "ಗುಡ್ ಪ್ರೋಗ್ರೆಸ್" ಮಾತ್ರ. ದುಡ್ಡು ಹೋದದ್ದಕ್ಕಿಂತ ಆರು ತಿಂಗಳು ಹೋದದ್ದು ಇವತ್ತಿಗೂ ನೋವು. ಕೋರ್ಸ್‌ಗೆ ಸೇರುವ ಮೊದಲು ಒಂದೇ ವಿಷಯ ಕೇಳಿ: ನನ್ನ ಚಿತ್ರದ ಮೇಲೆ ಯಾರು, ಎಷ್ಟು ಸಲ, ಕೈಯಿಟ್ಟು ತಿದ್ದುತ್ತಾರೆ? ಉತ್ತರ ಸ್ಪಷ್ಟವಾಗಿ ಬರದಿದ್ದರೆ ಸೇರಬೇಡಿ.

ದೂರದಿಂದ ಕಲಿಯುವುದೇ ತಪ್ಪು ಅಂತಲ್ಲ. ನಮ್ಮ ದೊಡ್ಡಪ್ಪ ಅಂಚೆಯಲ್ಲಿ ಚಿತ್ರ ಕಲಿತವರು. ಚಂದಮಾಮದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯರು ಬೆಂಗಳೂರಿನಲ್ಲಿ ಅಂಥದೊಂದು ಅಂಚೆ ಶಾಲೆ ನಡೆಸುತ್ತಿದ್ದರು. ದೊಡ್ಡಪ್ಪನ ಟ್ರಂಕಿನಲ್ಲಿ ತಿದ್ದಿ ವಾಪಸ್ ಬಂದ ಹಾಳೆಗಳು ಇನ್ನೂ ಇವೆ. ಮೊಣಕೈಯ ಹತ್ತಿರ ಕೆಂಪು ಪೆನ್ಸಿಲ್‌ನ ಒಂದು ಗೆರೆ, ಪಕ್ಕದಲ್ಲಿ "ಇಲ್ಲಿ ಮೂಳೆ ಇದೆ" ಅಂತ ಮೂರು ಪದ. ಅಂಚೆಯಾದರೇನು, ಇಂಟರ್‌ನೆಟ್ ಆದರೇನು, ಆ ಕೆಂಪು ಗೆರೆ ಬೇಕು.

ಅಮೆರಿಕದಲ್ಲಿ ಫ್ಯಾಂಟಸಿ ಚಿತ್ರಕಾರರಿಗೆಂದೇ ಮೇಳಗಳಿವೆ. ಪೆನ್ಸಿಲ್ವೇನಿಯಾದಲ್ಲಿ 2008ರಲ್ಲಿ ಶುರುವಾದ ಇಲಕ್ಸ್‌ಕಾನ್‌ನಂಥ ಕಡೆ ಹೊಸಬರು ತಮ್ಮ ಚಿತ್ರಗಳನ್ನು ಹಿರಿಯರ ಮುಂದೆ ಹರಡಿ ಕೂರುತ್ತಾರೆ. ನನಗೆ ಅಲ್ಲಿಗೆ ಹೋಗುವ ಶಕ್ತಿ ಇರಲಿಲ್ಲ. ಹಾಗಾಗಿ ನನಗೆ ಇಷ್ಟವಾದ 11 ಕಲಾವಿದರಿಗೆ ಮೇಲ್ ಬರೆದೆ. ಮೊದಲ ಆರು ಮೇಲ್‌ಗಳು ಉದ್ದುದ್ದ, "ನನ್ನ ಚಿತ್ರ ನೋಡಿ ಅಭಿಪ್ರಾಯ ಹೇಳಿ" ಅಂತ. ಒಂದಕ್ಕೂ ಉತ್ತರ ಬರಲಿಲ್ಲ. ಉಳಿದ ಐದು ಮೇಲ್‌ಗಳಲ್ಲಿ ಒಂದೇ ಚಿತ್ರ ಮತ್ತು ಒಂದೇ ಪ್ರಶ್ನೆ ಇಟ್ಟೆ: "ಮಕರ ನೀರಿನಿಂದ ಏಳುತ್ತಿದೆ. ಅದು ನದಿಗಿಂತ ಮುಂದೆ ಇದೆ ಅಂತ ಅನ್ನಿಸುತ್ತಿಲ್ಲ. ಬಣ್ಣದ ತಪ್ಪೋ, ಬೆಳಕಿನ ತಪ್ಪೋ?" ಇಬ್ಬರು ಉತ್ತರಿಸಿದರು.

ಅವರಲ್ಲಿ ಒಬ್ಬರು ನನ್ನ ಗುರುಗಳಾದರು. ಪುಸ್ತಕದ ಮುಖಪುಟ ಬರೆಯುವವರು, ಅವರನ್ನು ಮೇಡಂ ಅಂತಲೇ ಕರೆಯುತ್ತೇನೆ. ಮೊದಲ ಸಲ ಒಂಬತ್ತು ನಿಮಿಷದ ವಿಡಿಯೋ ಕಳಿಸಿದರು. ನನ್ನ ಚಿತ್ರದ ಮೇಲೆಯೇ ಬರೆಯುತ್ತಾ ಮಾತಾಡಿದ್ದರು. ಆಕಾಶ, ನೀರು, ಮಕರ ಮೂರಕ್ಕೂ ಒಂದೇ ಬೆಳಕು ಕೊಟ್ಟಿದ್ದೆ. ಅವರು ಆಕಾಶವನ್ನು ಕತ್ತಲು ಮಾಡಿದರು, ಅಷ್ಟೇ. ಮಕರ ಮುಂದೆ ಬಂತು. ಕೊನೆಯಲ್ಲಿ ಹೇಳಿದರು, "ಬೆಳಕನ್ನು ಊಹೆ ಮಾಡ್ಬೇಡಿ. ಮಣ್ಣಿನಲ್ಲಿ ಮಾಡಿ, ಟಾರ್ಚ್ ಹಿಡಿದು ನೋಡಿ."

ನಮ್ಮೂರಿನಲ್ಲಿ ಗಣಪತಿ ಮಾಡುವವರ ಮನೆಯಿಂದ ಆವೆ ಮಣ್ಣು ತಂದೆ. ತಂತಿಯ ಮೇಲೆ ಗೇಣುದ್ದದ ಮಕರ ಮಾಡಿ, ರಾತ್ರಿ ಲೈಟ್ ಆರಿಸಿ, ಫೋನಿನ ಟಾರ್ಚ್ ಹಿಡಿದೆ. ಎತ್ತಿದ ಸೊಂಡಿಲಿನ ನೆರಳು ಸರಿಯಾಗಿ ಕಣ್ಣಿನ ಮೇಲೆ ಬೀಳುತ್ತಿತ್ತು. ಚಿತ್ರದಲ್ಲಿ ನಾನು ಆ ಕಣ್ಣನ್ನು ಹೊಳೆಯುವ ಹಾಗೆ ಬರೆದಿದ್ದೆ! ಸೊಂಡಿಲನ್ನು ಎರಡು ಬೆರಳು ಪಕ್ಕಕ್ಕೆ ತಿರುಗಿಸಿದೆ. ಬೆಳಕು ಕಣ್ಣಿಗೆ ಬಿತ್ತು.

ಮೇಡಂ ತಿಂಗಳಿಗೆ ಒಂದು ಸಲ ನೋಡುತ್ತಾರೆ. ಉಳಿದ ದಿನಗಳಿಗೆ ಗೆಳೆಯರು. ನಾವು ಐದು ಜನ ಭಾನುವಾರ ಕಬ್ಬನ್ ಪಾರ್ಕ್‌ನಲ್ಲಿ ಸೇರುತ್ತೇವೆ. ನಮ್ಮಲ್ಲಿ ಒಂದು ನಿಯಮ ಇದೆ. ಚಿತ್ರ ಬರೆದವರು ಮೊದಲ ಐದು ನಿಮಿಷ ಬಾಯಿ ಬಿಡುವ ಹಾಗಿಲ್ಲ. ಉಳಿದವರು ಏನು ಕಾಣುತ್ತದೋ ಅದನ್ನಷ್ಟೇ ಹೇಳಬೇಕು, ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನಬಾರದು. ನನ್ನ ಮಕರವನ್ನು ನೋಡಿ ಒಬ್ಬಳು "ಆನೆ ಸ್ನಾನ ಮಾಡ್ತಿದೆ" ಅಂದಳು. ನಿಯಮ ಮರೆತು ಇನ್ನೊಬ್ಬ ಬಾಯಿ ದೊಡ್ಡದು ಮಾಡು ಅಂದ. ಮತ್ತೊಬ್ಬ ಹಲ್ಲು ಜಾಸ್ತಿ ಮಾಡು ಅಂದ. ಮೂವರ ಬೆರಳೂ ಹೋದದ್ದು ದವಡೆಯ ಹತ್ತಿರಕ್ಕೇ. ಅವರು ಹೇಳಿದ ಮದ್ದು ಯಾವುದನ್ನೂ ನಾನು ಮಾಡಲಿಲ್ಲ. ದವಡೆಯ ಕೀಲನ್ನು ಕಣ್ಣಿನ ಹಿಂದಕ್ಕೆ ತಳ್ಳಿದೆ, ಮೊಸಳೆಗೆ ಇರುವ ಹಾಗೆ. ಮುಂದಿನ ವಾರ ಯಾರೂ ಆನೆ ಅನ್ನಲಿಲ್ಲ.

ಎರಡು ವರ್ಷದ ನಂತರ ಮತ್ತೆ ಅದೇ ಮೇಳಕ್ಕೆ ಹೋದೆ. ಈ ಸಲ 32 ಅಲ್ಲ, 10 ಚಿತ್ರ, ದೊಡ್ಡದಾಗಿ ಪ್ರಿಂಟ್ ಹಾಕಿಸಿ. ನೋಡುವವರು ನಿಮ್ಮ ಅತಿ ಕೆಟ್ಟ ಚಿತ್ರದಿಂದಲೇ ನಿಮ್ಮನ್ನು ಅಳೆಯುತ್ತಾರೆ, ಹಾಗಾಗಿ 22 ತೆಗೆದುಹಾಕಿದ್ದೆ. ಅದೇ ಹಿರಿಯರು ಇದ್ದರು. ನನ್ನ ನೆನಪು ಅವರಿಗೆ ಇರಲಿಲ್ಲ. ಜೇಬಿನಲ್ಲಿದ್ದ ಬಾವಲಿಯ ಹಾಳೆ ತೋರಿಸಿದಾಗ ಜೋರಾಗಿ ನಕ್ಕು ಕುರ್ಚಿ ಎಳೆದು ಕೂರಿಸಿದರು.

ಮಕರದ ಚಿತ್ರವನ್ನು ತುಂಬಾ ಹೊತ್ತು ನೋಡಿದರು. ಪಕ್ಕೆಲುಬಿನ ರೆಕ್ಕೆಯ ಮೇಲೆ ಬೆರಳು ಓಡಿಸಿದರು, ಅಂಚು ಹಿಡಿದ ಮುಂಗಾಲಿನ ಹತ್ತಿರ ತಲೆ ಆಡಿಸಿದರು. ಭುಜದ ಮಾತೇ ಬರಲಿಲ್ಲ. ಆಮೇಲೆ ಹೊಟ್ಟೆಯ ಹತ್ತಿರ ಬೆರಳಿಟ್ಟು ಹೇಳಿದರು, "ನದಿಯಿಂದ ಎದ್ದಿದೆ. ಆದರೆ ಒದ್ದೆ ಆಗಿಲ್ಲ."

ಈ ಬೇಸಿಗೆಯಲ್ಲಿ ಕುಮಾರಧಾರೆಯ ದಡದಲ್ಲಿ ಕೂತು ಎಮ್ಮೆಗಳನ್ನು ಬರೆಯುತ್ತಿದ್ದೇನೆ. ನೀರಿನಿಂದ ಏಳುವಾಗ ಬೆನ್ನು ಮೊದಲು ಕನ್ನಡಿಯ ಹಾಗೆ ಹೊಳೆಯುತ್ತದೆ. ಆಮೇಲೆ ನೀರು ಪಕ್ಕೆಯ ಮೇಲೆ ಗೆರೆ ಗೆರೆಯಾಗಿ ಇಳಿಯುತ್ತದೆ. ಹೊಟ್ಟೆಯ ಕೆಳಗೆ ಬಂದು ಸೇರಿ, ಅಲ್ಲಿಂದ ದಾರವಾಗಿ ಬೀಳುತ್ತದೆ. ದಡ ಹತ್ತಿ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ದಾರ ತುಂಡಾಗಿ ಹನಿಯಾಗುತ್ತದೆ. ಇದುವರೆಗೆ 40 ಪುಟ ಆಗಿದೆ.